ಭಾವನ ದವಡೆ ಹಲ್ಲು

ಆಸ್ಪತ್ರೆಯ ದಂತ ವಿಭಾಗದಲ್ಲಿ ಚೀಟಿ ಬರೆದು ಬರೆದೇ ನಿವೃತ್ತನಾದವನು ನಾನು. ಹಲ್ಲಿನ ವಿಷಯದಲ್ಲಿ ಮನುಷ್ಯನಿಗೆ ಬುದ್ಧಿ ಬಂದದ್ದನ್ನು ಇವತ್ತಿನವರೆಗೂ ನೋಡಿಲ್ಲ. ಬೇರೆಯವರೇಕೆ, ಸಾದಲಿಯ ನಮ್ಮ ಭಾವನೇ ಸಾಕು. ರೇಷ್ಮೆ ಹುಳು ಒಂದು ಹೊತ್ತು ಸೊಪ್ಪು ಬಿಟ್ಟರೆ ಬಾಗಿಲಲ್ಲೇ ನಿಂತು ರೋಗ ಹೇಳುವ ಮಹಾನುಭಾವರು.

೧. ತಣ್ಣನೆ ಮಜ್ಜಿಗೆ

ಒಂದು ಗುಟುಕು ಕುಡಿದವರು ಕೆನ್ನೆ ಹಿಡಿದು ಕೂತೇಬಿಟ್ಟರು.

"ಜುಂ ಅಂದು ತಕ್ಷಣ ಬಿಟ್ರೆ ಸರಿ ಭಾವ. ನೋವು ಹೀಗೆ ನಿಂತ್ಕೊಂಡ್ರೆ ಹಲ್ಲಿನೊಳಗಿನ ತಿರುಳು ಊದಿದೆ ಅಂತ. ಈಗ್ಲೇ ತೋರಿಸಿದ್ರೆ ಹಲ್ಲು ಉಳಿಯುತ್ತೆ."

"ಹಲ್ಲು ಗಟ್ಟಿಯಾಗಿದೆ ಕಣಯ್ಯ. ಫ್ರಿಜ್ಜೇ ಜಾಸ್ತಿ ತಣ್ಣಗೆ ಮಾಡ್ತಿದೆ."

ಮಾರನೇ ದಿನ ಶಿಡ್ಲಘಟ್ಟದಿಂದ ರಿಪೇರಿಯವನು ಬಂದ. ಫ್ರಿಜ್ಜಿಗೆ.

೨. ಕಿವಿ

ಆಮೇಲೆ ನೋವು ಕಿವಿಗೆ ಹತ್ತಿತು. ಯಾವ ಹಲ್ಲು ಅಂತ ಬೆರಳಿಟ್ಟು ತೋರಿಸಲೂ ಆಗದು. ಚಿಂತಾಮಣಿಯ ಕಿವಿ ಡಾಕ್ಟರ ಹತ್ತಿರ ಓಡಿದರು. ಅವರು, "ಕಿವಿ ಚೆನ್ನಾಗಿದೆ, ಹಲ್ಲು ತೋರಿಸಿ" ಅಂದರಂತೆ.

ಭಾವ ಉರಿದುಬಿದ್ದರು: "ಹಲ್ಲಿನ ವಿಷಯ ಅವನಿಗೇನಯ್ಯ ಗೊತ್ತು? ಅವನು ಕಿವಿ ಡಾಕ್ಟ್ರು!"

೩. ಬಿಸಿ ಸಾರು

ಗೌರಿಬಿದನೂರಿನ ಮದುವೆಯಲ್ಲಿ ಐಸ್ ನೀರಿನ ಬಾಟಲಿ ಭಾವನ ಕಂಕುಳಲ್ಲಿ.

"ಆವಾಗ ತಣ್ಣೀರು ಆಗ್ತಿರ್ಲಿಲ್ಲ, ಈಗ ತಣ್ಣೀರೇ ಔಷಧಿ. ವಾಸಿಯಾಗ್ತಿದೆ."

"ಬಿಸಿ ತಾಗಿದ್ರೆ ನೋವು, ತಣ್ಣಗಿದ್ರೆ ಸುಖ ಅಂದ್ರೆ ಇನ್ನೂ ಕೆಟ್ಟಿದೆ ಅಂತ ಭಾವ."

"ನೀನೇನು ಡಾಕ್ಟ್ರಾ? ಚೀಟಿ ಬರಿ ಹೋಗು."

ಎಲೆಗೆ ಬಿದ್ದ ಸಾರಿನ ಮೇಲೆ ಐಸ್ ನೀರು ಸುರಿದರು. ಅಡುಗೆಯವನು ಸೌಟು ಹಿಡಿದೇ ಜಗಳಕ್ಕೆ ಬಂದ.

೪. ಸೂತಕ

ಒಂದು ಬೆಳಗ್ಗೆ ಫೋನು: "ನೋವು ಪೂರ್ತಿ ಹೋಯ್ತು ಕಣಯ್ಯ! ನಿನ್ನ ಡಾಕ್ಟ್ರು ಬೇಡ!"

ಇಂಥ ಅವಕಾಶ ಬಿಡುವುದುಂಟೇ? ಸ್ಕೂಟರಿನಲ್ಲಿ ಸಾದಲಿಗೆ ಹೋಗಿ, ಅಕ್ಕನ ಎದುರಿಗೇ ಹೇಳಿದೆ: "ವಾಸಿಯಾಗಿಲ್ಲ ಭಾವ, ತಿರುಳು ಸತ್ತುಹೋಗಿದೆ. ಇನ್ಮೇಲೆ ಕೀವು ಕಟ್ಟುತ್ತೆ. ರೂಟ್ ಕೆನಾಲ್ ಮಾಡಿಸಿ, ಇಲ್ದಿದ್ರೆ ಹಲ್ಲು ಕೀಳಿಸ್ಬೇಕು."

ಭಾವ ನಕ್ಕು, ಸೊಪ್ಪಿನ ಕುಕ್ಕೆ ಎತ್ತಿಕೊಂಡು ಹುಳು ಮನೆಗೆ ಹೊರಟರು. ಸಾವಿನ ಸೂತಕ ಇರುವವರು ಆ ಹೊಸಿಲು ದಾಟುವಂತಿಲ್ಲ, ಹುಳು ಕೆಡುತ್ತವೆ ಅಂತ ಆ ಮನೆಯ ಕಟ್ಟುನಿಟ್ಟು. ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ನಿಲ್ಲಿ ರೀ! ಬಾಯೊಳಗೆ ಹೆಣ ಇಟ್ಕೊಂಡು ಹುಳು ಮನೆಗೆ ಬರ್ತೀರಾ?"

"ಹಲ್ಲಿಗೂ ಸೂತಕವೇನೇ?"

"ಹುಳುಗೇನಾದ್ರೂ ಆದ್ರೆ ನೀವು ಜವಾಬ್ದಾರಿನಾ?"

ತಿಂಗಳುಗಟ್ಟಲೆ ನೋವು ಮಾಡದ ಕೆಲಸ ಅಷ್ಟು ಮಾತು ಮಾಡಿತು. ಮಧ್ಯಾಹ್ನದೊಳಗೆ ಭಾವ ಚಿಕ್ಕಬಳ್ಳಾಪುರದಲ್ಲಿ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ. ಡಾಕ್ಟರು ಬಾಯಿಗೆ ಕನ್ನಡಿ ಹಾಕುವ ಮೊದಲೇ ಭಾವ ಕೈಮುಗಿದು ಕೇಳಿದರು:

"ಹಲ್ಲು ಇರುತ್ತೋ ಹೋಗುತ್ತೋ ಆಮೇಲೆ ನೋಡಣ ಸ್ವಾಮಿ. ಸೂತಕ ಎಷ್ಟು ದಿನ, ಅದನ್ನ ಒಂದು ಚೀಟಿಯಲ್ಲಿ ಬರ್ಕೊಡಿ, ನಮ್ಮ ಮನೆಯವಳಿಗೆ ತೋರಿಸ್ಬೇಕು."