ಚಕ್ರಪಾಣಿಯ ಫ್ಲಾಶು, ವಿಜಿಯ ಕಣ್ಣು

ಹೆಸರು ಚಕ್ರಪಾಣಿ ಎಂದಿದ್ದರೂ ನೈರೋಬಿಯ ಕನ್ನಡಿಗರಲ್ಲಿ ಅವನ ಕೈಯಲ್ಲಿ ಚಕ್ರ ಕಂಡವರು ಯಾರೂ ಇಲ್ಲ. ಕಂಡದ್ದೆಲ್ಲ ಕ್ಯಾಮೆರಾ. ಶ್ರೀಮನ್ನಾರಾಯಣನ ಚಕ್ರವಾದರೂ ದುಷ್ಟರ ಮೇಲೆ ಮಾತ್ರ ಪ್ರಯೋಗವಾಗುತ್ತಿತ್ತು. ಚಕ್ರಪಾಣಿಯ ಕ್ಯಾಮೆರಾ ಶಿಷ್ಟರು, ದುಷ್ಟರು, ತೊಟ್ಟಿಲ ಕೂಸು ಎಂಬ ಭೇದವಿಲ್ಲದೆ ಸಕಲರ ಮೇಲೂ ಪ್ರಯೋಗವಾಗುತ್ತಿತ್ತು. ಅದರ ನೆತ್ತಿಯಲ್ಲೊಂದು ಪುಟ್ಟ ಫ್ಲಾಶು. ಗುಂಡಿ ಒತ್ತಿದರೆ ಹೆಡೆಯ ಹಾಗೆ ಟಕ್ಕನೆ ಎದ್ದು ನಿಲ್ಲುತ್ತಿತ್ತು. ಅದು ಎದ್ದಿತೆಂದರೆ ಹೆಂಗಸರಿಗೆಲ್ಲ ಒಟ್ಟಿಗೇ ಅಡುಗೆಮನೆಯ ಕೆಲಸ ನೆನಪಾಗುತ್ತಿತ್ತು.

“ಫ್ಲಾಶ್ ಇಲ್ಲದ ಫೋಟೋ ಒಗ್ಗರಣೆ ಇಲ್ಲದ ಸಾರು” ಎಂಬುದು ಚಕ್ರಪಾಣಿಯ ಸಿದ್ಧಾಂತ. (ಬರೀ ಒಗ್ಗರಣೆಯನ್ನೇ ಅನ್ನಕ್ಕೆ ಸುರಿದರೆ ಏನು ಗತಿ ಎಂದು ಹೆಂಡತಿ ಹಂಸಾ ಒಮ್ಮೆ ಕೇಳಿದ್ದಳು. ಉತ್ತರ ಇನ್ನೂ ಬಂದಿಲ್ಲ.) ಔಷಧಿ ಕಾರ್ಖಾನೆಯೊಂದರಲ್ಲಿ ಅವನು ಗುಣಮಟ್ಟ ಪರೀಕ್ಷೆಯ ಮ್ಯಾನೇಜರು. ಅಂಚು ಮುಕ್ಕಾದ ಒಂದು ಮಾತ್ರೆಯೂ ಅವನ ಕಣ್ಣು ತಪ್ಪಿಸಿ ಹೊರಗೆ ಹೋಗುತ್ತಿರಲಿಲ್ಲ. ಆದರೆ ತಾನು ತೆಗೆದ ಫೋಟೋ ಮಾತ್ರ ಎಂಥದ್ದಿದ್ದರೂ ಪಾಸು.

ಒಮ್ಮೆ ಮುಸ್ಸಂಜೆಯಲ್ಲಿ ನ್ಯಾಷನಲ್ ಪಾರ್ಕಿಗೆ ಹೋದಾಗ ಕಾರಿನಿಂದ ಮಾರುದೂರದಲ್ಲೇ ಸಿಂಹಿಣಿಯೊಂದು ಮಲಗಿತ್ತು. ಚಕ್ರಪಾಣಿ ಮುಚ್ಚಿದ ಕಿಟಕಿಯ ಗಾಜಿನೊಳಗಿಂದಲೇ ಫ್ಲಾಶು ಹಾರಿಸಿದ. ಫೋಟೋದಲ್ಲಿ ಗಾಜಿನ ಮೇಲೊಂದು ಬಿಳಿಯ ಗೋಳ, ಅದರ ಪಕ್ಕ ಹಂಸಾಳ ಪ್ರತಿಬಿಂಬ.

“ಸಿಂಹಿಣಿ ಎಲ್ರೀ?” ಎಂದಳು ಹಂಸಾ.

“ಪಕ್ಕದಲ್ಲೇ ಇದೆಯಲ್ಲ” ಎಂದ ಚಕ್ರಪಾಣಿ. ಆ ರಾತ್ರಿ ಅವನ ತಟ್ಟೆಗೆ ಬಿದ್ದದ್ದು ಬೆಳಗಿನ ಉಪ್ಪಿಟ್ಟು.

ಕ್ಯಾಮೆರಾ ಕೊಂಡ ಹೊಸದರಲ್ಲಿ ಒಂದು ದೀಪಾವಳಿಯ ಫೋಟೋದಲ್ಲಿ ಹಂಸಾಳ ಎರಡು ಕಣ್ಣೂ ಕೆಂಡದಂತೆ ಕೆಂಪಗೆ ಬಂದವು. ಅದನ್ನು ನೋಡಿ ಅವಳ ತಾಯಿ ಮೈಸೂರಿನಿಂದ ಫೋನು ಮಾಡಿ, “ಮದ್ರಾಸ್ ಐ ಆಗಿದೆಯೇನೇ?” ಎಂದು ಗಾಬರಿಯಾದರು. ಹಂಸಾ ಕೂಗಾಡಿದಳು. ಚಕ್ರಪಾಣಿ ಕ್ಯಾಮೆರಾದೊಳಗೆ ಹುಡುಕಿ, ಕಣ್ಣು ಕೆಂಪಾಗದಂತೆ ನೋಡಿಕೊಳ್ಳುವ ಒಂದು ಏರ್ಪಾಡನ್ನು ಪತ್ತೆಹಚ್ಚಿ ಚಾಲೂ ಮಾಡಿದ. ಅತ್ತೆಯ ಗಾಬರಿ ನಿಂತಿತು. ಆ ಏರ್ಪಾಡು ಇನ್ನೇನು ಮಾಡುತ್ತದೆ ಎಂದು ಅವನು ವಿಚಾರಿಸಲೂ ಇಲ್ಲ, ಅದನ್ನು ಮತ್ತೆ ಮುಟ್ಟಲೂ ಇಲ್ಲ.

ಸೌತ್ ಸಿ ಬಡಾವಣೆಯಲ್ಲಿ ಅವರ ಮನೆಗೆ ಅಂಟಿಕೊಂಡೇ ಪುರುಷೋತ್ತಮ ಮತ್ತು ವಿಜಿಯ ಮನೆ. ಪುರುಷೋತ್ತಮ ಟೆಲಿಕಾಂ ಕಂಪನಿಯ ಇಂಜಿನಿಯರು. ಊರವರನ್ನೆಲ್ಲ ಮಾತಾಡಿಸುವ ಉದ್ಯೋಗದವನು, ತಾನು ಮಾತ್ರ ಮಾತಾಡದವನು. ಅವನ ಪಾಲಿನದನ್ನೂ ಸೇರಿಸಿ ವಿಜಿಯೇ ಆಡುತ್ತಿದ್ದಳು. ವಿಜಿ ಮತ್ತು ಹಂಸಾ ಹಿತ್ತಿಲಲ್ಲಿ ನಿಂತರೆ ಇಬ್ಬರ ಒಲೆಯ ಮೇಲಿನ ಹಾಲೂ ಉಕ್ಕುತ್ತಿತ್ತು.

ಯುಗಾದಿಯಿರಲಿ, ಗಣೇಶನ ಹಬ್ಬವಿರಲಿ, ಚಕ್ರಪಾಣಿಯ ಫ್ಲಾಶಿಗೆ ಹೆದರದೆ ಮುಂದಿನ ಸಾಲಿನ ನಡುವೆ ಬಂದು ಕೂರುತ್ತಿದ್ದವಳು ವಿಜಿ ಒಬ್ಬಳೇ. ತಪ್ಪಿಸಿಕೊಂಡವರನ್ನೂ ಕೈ ಹಿಡಿದು ಎಳೆದು ತರುತ್ತಿದ್ದಳು. “ಬನ್ರೇ, ಪಾಪ ಅವರು ಆವಾಗ್ಲಿಂದ ಕಾಯ್ತಿದಾರೆ. ಒಂದು ಸಿಡಿಲು ಹೊಡೆಸ್ಕೊಂಡು ಊಟಕ್ಕೆ ಹೋಗೋಣ.” ಇಷ್ಟೆಲ್ಲ ಮಾಡಿಯೂ ಪ್ರತಿ ಫೋಟೋದಲ್ಲೂ ಅವಳ ಕಣ್ಣು ಮುಚ್ಚಿರುತ್ತಿತ್ತು.

“ವಿಜಿಯವರೇ, ಒಂದೇ ಒಂದು ಸಲ ಕಣ್ಣು ಬಿಡಿ” ಎಂದು ಚಕ್ರಪಾಣಿ ಅಂಗಲಾಚುತ್ತಿದ್ದ.

“ಬಿಟ್ಟೇ ಇದ್ದೆ ಕಣ್ರೀ. ನಿಮ್ಮ ಕ್ಯಾಮೆರಾನೇ ಮುಚ್ಚಿಸ್ತು.”

“ನೋಡ್ತಿರಿ, ನಿಮ್ಮ ಕಣ್ಣು ಹಿಡಿಯೋ ತನಕ ನಾನು ಈ ಊರು ಬಿಡಲ್ಲ.”

“ಹಾಗಾದ್ರೆ ಇಬ್ರೂ ಇಲ್ಲೇ ಮುದುಕರಾಗ್ತೀವಿ ಬಿಡಿ” ಎಂದು ವಿಜಿ ನಗುತ್ತಿದ್ದಳು.

ವಿಜಿ ಮುದುಕಿಯಾಗಲಿಲ್ಲ. ಒಂದು ಮುಂಜಾನೆ, ದೋಸೆ ಹುಯ್ಯುತ್ತಿದ್ದವಳು ಎದೆ ಹಿಡಿದುಕೊಂಡು ಕುಳಿತಳು. ಪುರುಷೋತ್ತಮ ಅವಳನ್ನು ಕಾರಿನಲ್ಲಿ ಮಲಗಿಸಿದ, ಹಂಸಾ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು, ಚಕ್ರಪಾಣಿ ಹಾರನ್ನಿನ ಮೇಲಿಟ್ಟ ಕೈ ತೆಗೆಯದೆ ಓಡಿಸಿದ. ಯಾರಿಗೂ ಜಗ್ಗದ ಮಟಾಟು ವ್ಯಾನುಗಳು ಕೂಡ ದಾರಿ ಬಿಟ್ಟವು. ಆದರೂ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಹಂಸಾಳ ತೊಡೆಯ ಮೇಲೆ ಉಳಿದದ್ದು ಭಾರ ಮಾತ್ರ. ಸಂಜೆ ಮರಳಿದಾಗ ಗೇಟಿನ ಕಾವಲುಗಾರ ಟೋಪಿ ತೆಗೆದು, “ಪೋಲೆ ಸಾನಾ” ಎಂದು ತನ್ನ ಭಾಷೆಯಲ್ಲಿ ಸಂತಾಪ ಹೇಳಿದ. ಪುರುಷೋತ್ತಮ ತಲೆಯಾಡಿಸಿ ಒಳಗೆ ಹೋದ. ಆರಿದ ಹೆಂಚಿನ ಮೇಲೆ ಅರ್ಧ ಬೆಂದ ದೋಸೆ ಹಾಗೇ ಇತ್ತು.

ಮಣಿಪಾಲದಲ್ಲಿ ಓದುತ್ತಿದ್ದ ವಿಜಿಯ ಮಗಳು ಅಮೂಲ್ಯಾ ಬಂದಳು. ಸಂಸ್ಕಾರ ಮುಗಿಯಿತು. ಅದಾದ ಕೆಲವು ದಿನಕ್ಕೆ ಪುರುಷೋತ್ತಮ ಚಕ್ರಪಾಣಿಯ ಬಾಗಿಲಲ್ಲಿ ನಿಂತ.

“ವೈಕುಂಠ ಸಮಾರಾಧನೆಗೆ ಫೋಟೋ ಇಡ್ಬೇಕಂತೆ” ಎಂದ. “ನಮ್ಮನೇಲಿ ಒಂದೂ ಇಲ್ಲ. ನಿಮ್ಮ ಹತ್ರ ಇರತ್ತಲ್ವಾ?”

ಅವನ ಮನೆಯಲ್ಲಿ ನಿಜವಾಗಿಯೂ ಇರಲಿಲ್ಲ. ವಿಜಿಯ ಫೋನಿನಲ್ಲಿ ರಂಗೋಲಿ, ಪಾಯಸ, ಜಕರಂಡಾ ಹೂವು, ಬೇರೆಯವರ ಮಕ್ಕಳು. ತನ್ನದು ಒಂದೂ ಇಲ್ಲ. ಅಮೂಲ್ಯಾಳ ಫೋನಿನಲ್ಲಿ ಅಮ್ಮನ ಅಂಗೈ ಇತ್ತು, ಮುಖವಿರಲಿಲ್ಲ. ಮಗಳು ಫೋನೆತ್ತಿದಾಗಲೆಲ್ಲ ಅಡ್ಡ ಹಿಡಿದ ಅಂಗೈ ಅದು. ವೀಸಾಕ್ಕೆಂದು ತೆಗೆಸಿದ್ದ ಫೋಟೋ ಒಂದಿತ್ತು. ಕಿವಿ ಕಾಣಬೇಕು, ಹಲ್ಲು ಕಾಣಬಾರದು ಎಂಬ ಸರ್ಕಾರಿ ನಿಯಮಕ್ಕೆ ಬದ್ಧವಾದ ಫೋಟೋ. ಹಲ್ಲು ಕಾಣದ ವಿಜಿಯನ್ನು ಗುರುತಿಸುವುದು ಗಂಡನಿಗೂ ಕಷ್ಟವಾಗಿತ್ತು.

“ಬೇಕಾದಷ್ಟಿದೆ” ಎಂದ ಚಕ್ರಪಾಣಿ. ದುಃಖದ ಜೊತೆಗೆ ಒಂದಿಷ್ಟು ಹೆಮ್ಮೆಯೂ ಇತ್ತೆಂಬುದನ್ನು ಮುಚ್ಚಿಡಬಾರದು. ಇಷ್ಟು ವರ್ಷ ನಗೆಪಾಟಲಾದ ಕ್ಯಾಮೆರಾ ಕೊನೆಗೂ ಒಬ್ಬರಿಗೆ ಬೇಕಾಯಿತಲ್ಲ!

ಗಂಡಹೆಂಡಿರು ಲ್ಯಾಪ್‌ಟಾಪಿನ ಮುಂದೆ ಕುಳಿತರು. ಯುಗಾದಿ: ಹತ್ತಿರದಿಂದ ಬಿದ್ದ ಫ್ಲಾಶಿಗೆ ವಿಜಿಯ ಮುಖ ಸುಣ್ಣ ಬಳಿದ ಗೋಡೆ, ಕಣ್ಣು ಮುಚ್ಚಿದೆ. ಗಣೇಶ: ಕೈಯಲ್ಲಿದ್ದ ಸ್ಟೀಲು ತಟ್ಟೆಯಲ್ಲಿ ಸೂರ್ಯೋದಯ, ಕಣ್ಣು ಮುಚ್ಚಿದೆ. ದಸರಾ: ಅಂದು ಮುಂದಿನ ಜಾಗವನ್ನು ಹಿರಿಯರಾದ ರಾಮಚಂದ್ರರಾಯರಿಗೆ ಬಿಟ್ಟು ದೂರ ಹಿಂದೆ ನಿಂತಿದ್ದರಿಂದ ಬೆಳಕು ಮುಟ್ಟದೆ ವಿಜಿ ಕತ್ತಲಲ್ಲಿ, ರಾಯರ ಬೋಳುತಲೆ ಹುಣ್ಣಿಮೆ. ಆ ಕತ್ತಲಲ್ಲೂ, ಹಿಗ್ಗಿಸಿ ನೋಡಿದರೆ, ವಿಜಿಯ ಕಣ್ಣು ಮುಚ್ಚಿದೆ.

“ಒಂದಾದ್ರೂ ಸರಿಯಾಗಿ ತೆಗೀಬಾರ್ದಿತ್ತಾ!” ಎಂದು ಹಂಸಾ ಬೈಯಲು ಶುರುಮಾಡಿದಳು, ನಡುವೆಯೇ ಅಳತೊಡಗಿದಳು. ಚಕ್ರಪಾಣಿಗೆ ಬೈಗುಳ ಅಭ್ಯಾಸವಿತ್ತು. ಅರ್ಧಕ್ಕೆ ನಿಂತ ಬೈಗುಳವನ್ನು ಹೇಗೆ ತಡೆದುಕೊಳ್ಳಬೇಕೆಂದು ತಿಳಿಯಲಿಲ್ಲ.

ಆಗ ಅವನ ತಲೆಯಲ್ಲಿ ಒಂದು ಮಹದಾಲೋಚನೆ ಉದಯಿಸಿತು.

“ಹಂಸಾ, ನಿನ್ನ ಕಣ್ಣೂ ಅವರ ಕಣ್ಣೂ ಹೆಚ್ಚುಕಮ್ಮಿ ಒಂದೇ ಥರ ಅಲ್ವಾ? ನಿನ್ನದನ್ನ ತೆಗೆದು ಅವರ ಫೋಟೋಗೆ ಕೂರಿಸಿದ್ರೆ? ಕಂಪ್ಯೂಟರಿನಲ್ಲಿ ಆಗತ್ತೆ.”

ಬೇರೆ ದಿನವಾಗಿದ್ದರೆ ಈ ಮಾತಿಗೆ ಏನಾಗುತ್ತಿತ್ತೋ. ಅಂದು ಹಂಸಾ ಸೆರಗಿನಿಂದ ಮುಖ ಒರೆಸಿಕೊಂಡು, “ತಗೊಳ್ಳಿ. ಅವಳಿಗೆ ಅಲ್ದೆ ಇನ್ಯಾರಿಗೆ” ಎಂದಳು.

ಕೂಡಲೇ ತೆಗೆದ ಮೊದಲ ಫೋಟೋದಲ್ಲಿ ಹಂಸಾಳ ಕಣ್ಣೂ ಮುಚ್ಚಿತ್ತು. ಎರಡನೆಯದರಲ್ಲೂ ಅಷ್ಟೇ.

“ಸ್ವಲ್ಪ ಕಣ್ಣು ಬಿಡೇ!”

“ಬಿಡೋದು ಹೇಗ್ರೀ? ಮೊದಲು ಸಣ್ಣದೊಂದು ಬೆಳಕು ಬರತ್ತೆ. ಅದಕ್ಕೇ ಕಣ್ಣು ಮುಚ್ಕೊಂಡುಬಿಡತ್ತೆ. ಆಮೇಲೆ ಬರತ್ತೆ ನಿಮ್ಮ ದೊಡ್ಡದು.”

“ಎರಡು ಸಲ ಬರತ್ತಾ?”

“ಯಾವಾಗ್ಲೂ ಎರಡು ಸಲಾನೇ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಕ್ಯಾಮೆರಾ ನಿಮ್ಮದು. ನಿಮಗೆ ಗೊತ್ತಿಲ್ಲ ಅಂತ ನನಗೇನು ಗೊತ್ತು?”

ಚಕ್ರಪಾಣಿ ಕ್ಯಾಮೆರಾವನ್ನು ತನ್ನತ್ತ ತಿರುಗಿಸಿ ನೋಡಿದ. ಯಾವಾಗಲೂ ಕ್ಯಾಮೆರಾದ ಹಿಂದೆಯೇ ನಿಂತವನಿಗೆ ಅದರ ಮುಂದೆ ಏನಾಗುತ್ತದೆಂದು ಹೇಗೆ ತಿಳಿಯಬೇಕು? ಕಣ್ಣು ಕೆಂಪಾಗದಿರಲೆಂದು ತಾನೇ ಚಾಲೂ ಮಾಡಿದ ಏರ್ಪಾಡು ಇದು. ಅದನ್ನು ಆರಿಸಿದ. ಎರಡು ಹೆಜ್ಜೆ ಹಿಂದೆ ಸರಿದ. ಕಿಟಕಿಯ ಪರದೆ ಸರಿಸಿ ಹಗಲನ್ನು ಒಳಗೆ ಬಿಟ್ಟ. ಫ್ಲಾಶಿನ ಉರಿ ತಗ್ಗಲೆಂದು ಅದರ ಮುಂದೆ ತೆಳ್ಳಗಿನ ಟಿಶ್ಯೂ ಕಾಗದ ಹಿಡಿದು ಗುಂಡಿ ಒತ್ತಿದ.

ಕ್ಯಾಮೆರಾದ ಪರದೆಯ ಮೇಲೆ ಹಂಸಾ ಮೂಡಿದಳು. ಸುಣ್ಣವೂ ಇಲ್ಲ, ಕೆಂಡವೂ ಇಲ್ಲ. ಅತ್ತು ತೊಳೆದ ಎರಡು ಕಣ್ಣು ನೇರ ಅವನನ್ನೇ ನೋಡುತ್ತಿದ್ದವು.

“ನಾನು ಹೀಗಿದೀನಾ?” ಎಂದಳು ಹಂಸಾ.

“ಹೂಂ.”

“ಇಷ್ಟು ವರ್ಷ ಯಾಕ್ರೀ ಹೀಗೆ ತೆಗೀಲಿಲ್ಲ?”

ಚಕ್ರಪಾಣಿ ಕ್ಯಾಮೆರಾದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಕುಳಿತ.

ಎರಡು ದಿನ ಕಂಪ್ಯೂಟರಿನ ಮುಂದೆ ಕೂತು ಆ ಕಣ್ಣುಗಳನ್ನು ಯುಗಾದಿಯ ವಿಜಿಗೆ ಕೂರಿಸಿದ. ಅದನ್ನು ಕಂಡ ಅವನ ಮಗಳು ಪ್ರಗತಿ, “ಅಪ್ಪಾ, ದಟ್ಸ್ ನಾಟ್ ವಿಜಿ ಆಂಟಿ” ಎಂದು ಕೋಣೆಯಿಂದ ಎದ್ದು ಹೋದಳು. ಮಕ್ಕಳಿಗೆ ಕಲೆಯ ಗಂಧವಿಲ್ಲವೆಂದು ತನಗೆ ತಾನೇ ಹೇಳಿಕೊಂಡು ಚಕ್ರಪಾಣಿ ನ್ಗಾರಾ ಪೇಟೆಗೆ ಹೋಗಿ ಅದಕ್ಕೆ ಕಟ್ಟು ಹಾಕಿಸಿ ತಂದ.

ಪುರುಷೋತ್ತಮ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ.

“ಹಂಸಾ ಅವರು ತುಂಬಾ ಅತ್ತಿದಾರೆ ಅಲ್ವಾ?” ಎಂದ.

ಚಕ್ರಪಾಣಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಎಲ್ಲವನ್ನೂ ಹೇಳಿದ: ಎರಡು ಸಲ ಬರುವ ಬೆಳಕು, ತನಗೆ ಅದು ತಿಳಿಯದೆ ಹೋದದ್ದು, ಒಂದು ಫೋಟೋದಲ್ಲೂ ವಿಜಿಯ ಕಣ್ಣು ತೆರೆದಿಲ್ಲದ್ದು. “ಅದು ಅವರ ತಪ್ಪಲ್ಲ, ಪುರುಷೋತ್ತಮ. ಆ ಸಣ್ಣ ಬೆಳಕಿಗೆ ಕಣ್ಣು ತಾನಾಗೇ ಮುಚ್ಕೊಂಡುಬಿಡೋದು.”

“ತಾನಾಗಿ ಅಲ್ಲ” ಎಂದ ಪುರುಷೋತ್ತಮ. “ಬೇಕೂಂತ್ಲೇ ಮುಚ್ತಿದ್ಳು.”

“ಬೇಕೂಂತಾ?”

“ಅವಳಿಗೆ ಅರೆತಲೆನೋವು ಇತ್ತಲ್ಲ. ನಿಮ್ಮ ಫ್ಲಾಶ್ ಬಿದ್ರೆ ಮಾರನೇ ದಿನ ಏಳೋಕಾಗ್ತಿರ್ಲಿಲ್ಲ. ಆಮೇಲಾಮೇಲೆ ಒಂದು ಉಪಾಯ ಕಂಡ್ಕೊಂಡ್ಳು. ಸಣ್ಣ ಬೆಳಕು ಬಂದ ತಕ್ಷಣ ಗಟ್ಟಿಯಾಗಿ ಕಣ್ಣು ಮುಚ್ಚೋದು. ಆದ್ರೂ ಒಂದೊಂದ್ಸಲ ಮನೆಗೆ ಬಂದು ಹಣೆಗೆ ಒದ್ದೆ ಬಟ್ಟೆ ಹಾಕ್ಕೊಂಡು ಮಲಗ್ತಿದ್ಳು.”

“ಹಾಗಿದ್ರೆ ಮುಂದೆ ಬಂದು ಯಾಕೆ ಕೂರ್ತಿದ್ರು? ನನಗೆ ಒಂದು ಮಾತು ಹೇಳ್ಬಾರ್ದಿತ್ತಾ?”

“ನಾನೂ ಅದೇ ಕೇಳ್ದೆ. ‘ಎಲ್ಲರೂ ಎದ್ದು ಹೋಗ್ತಾರೆ ಕಣ್ರೀ, ಪಾಪ, ಅವರು ಯಾರ ಫೋಟೋ ತೆಗೀಬೇಕು’ ಅಂತಿದ್ಳು. ನಿಮಗೆ ಹೇಳ್ಕೂಡದು ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ಳು.” ಪುರುಷೋತ್ತಮ ಇಷ್ಟು ಮಾತನ್ನು ಒಟ್ಟಿಗೆ ಆಡಿದ್ದನ್ನು ಚಕ್ರಪಾಣಿ ಕೇಳಿದ್ದು ಅದೇ ಮೊದಲು. “ಈಗ ಆಣೆ ಮುರಿದೆ. ಬೈತಾಳೋ ಏನೋ.”

ಪುರುಷೋತ್ತಮನೇ ಬಂದು ಹಳೆಯ ಫೋಟೋಗಳನ್ನೆಲ್ಲ ನೋಡಿದ. ಸ್ಟೀಲು ತಟ್ಟೆಯಿದ್ದ ಗಣೇಶನ ಹಬ್ಬದ ಫೋಟೋಗೆ ಬಂದು ನಿಂತ. ಕಣ್ಣು ಬಿಗಿಯಾಗಿ ಮುಚ್ಚಿ, ಬಾಯಿ ತುಂಬ ನಗುತ್ತಿದ್ದ ವಿಜಿ. “ಇದು ಇವಳು” ಎಂದ. ಸಮಾರಾಧನೆಗೆ ಅದನ್ನೇ ಇಟ್ಟರು.

ಬಂದವರೆಲ್ಲ ಕೈಮುಗಿದು, ಫೋಟೋ ನೋಡಿ, ಚಕ್ರಪಾಣಿಯ ಕಡೆ ತಿರುಗುತ್ತಿದ್ದರು. “ಹೋದ ಜೀವಕ್ಕಾದರೂ ಕಣ್ಣು ತೆರೆದ ಒಂದು ಫೋಟೋ ತೆಗೆದಿರಬಾರ್ದಿತ್ತೇನಯ್ಯಾ?” ಎಂದರು ರಾಮಚಂದ್ರರಾಯರು. ಹಂಸಾ ಉತ್ತರ ಕೊಡಲು ಬಾಯಿ ತೆರೆದಳು. ಚಕ್ರಪಾಣಿ ಅವಳ ಕೈ ಅದುಮಿ, “ತಪ್ಪಾಯ್ತು ರಾಯರೇ” ಎಂದ.

ಊಟಕ್ಕೆ ಮೊದಲು ಪುರುಷೋತ್ತಮ ಬಂದ. “ಅಮೂಲ್ಯಾ ನಾಳೆ ಹೊರಡ್ತಾಳೆ. ಎಲ್ಲರ ಜೊತೆ ಅವಳದ್ದೊಂದು ಫೋಟೋ ಇರ್ಲಿ. ವಿಜಿ ವಿಷಯದಲ್ಲಿ ಆದ ಹಾಗೆ ಆಗ್ಬಾರ್ದು.”

ದೊಡ್ಡ ಕಿಟಕಿಗೆ ಬೆನ್ನು ಮಾಡಿ ಎಲ್ಲರೂ ಎರಡು ಸಾಲಾಗಿ ಕೂತರು, ನಿಂತರು. ಮಧ್ಯಾಹ್ನದ ಬಿಸಿಲು ಅವರ ಹಿಂದೆ ಹೊಳೆಯುತ್ತಿತ್ತು. ಚಕ್ರಪಾಣಿ ಮನಸ್ಸಿನಲ್ಲೇ ಪ್ರತಿಜ್ಞೆ ಮಾಡಿದ್ದ: ಇನ್ನು ಈ ಕೈಯಿಂದ ಯಾರ ಕಣ್ಣಿಗೂ ಫ್ಲಾಶು ಬೀಳಕೂಡದು. ಎದ್ದ ಹೆಡೆಯನ್ನು ಬೆರಳಿನಿಂದ ಒತ್ತಿ ಮಲಗಿಸಿ, ಉಸಿರು ಬಿಗಿಹಿಡಿದು, ಭಕ್ತಿಯಿಂದ ಗುಂಡಿ ಒತ್ತಿದ.

ಕಿಟಕಿ ಚೆನ್ನಾಗಿ ಬಂದಿತ್ತು. ಹೊರಗಿನ ಮರದ ಎಲೆ ಎಲೆಯೂ ಬಂದಿತ್ತು. ಅದರ ಮುಂದೆ ಇಡೀ ನೈರೋಬಿಯ ಕನ್ನಡ ಕುಲ ಇದ್ದಿಲ ಮೂಟೆಗಳಂತೆ ಕಪ್ಪಗೆ ನಿಂತಿತ್ತು.

ಹಂಸಾ ಇಣುಕಿ ನೋಡಿ ಹಣೆ ಚಚ್ಚಿಕೊಂಡಳು. “ಬೆಳಕು ಹಿಂದಿದ್ರೆ ಮುಖಕ್ಕೆ ಬೆಳಕು ಬೇಡ್ವೇನ್ರೀ? ಬೇಡ ಬೇಡ ಅಂದಾಗೆಲ್ಲ ಹೊಡೆದ್ರಿ. ಬೇಕಾದ ಒಂದು ದಿನ ಆರಿಸಿ ಕೂತ್ರಲ್ಲ!”

ಪುರುಷೋತ್ತಮ ಕ್ಯಾಮೆರಾ ಇಸಿದುಕೊಂಡ. ನೋಡಿದ. ಅವನ ಹೊಟ್ಟೆ ಮೊದಲು ಕುಲುಕಿತು. ಆಮೇಲೆ ಸದ್ದು ಬಂತು. ವಿಜಿ ಹೋದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. ಅಮೂಲ್ಯಾ ತಿರುಗಿ ಅಪ್ಪನನ್ನೇ ನೋಡಿದಳು. ನಗುತ್ತ ನಗುತ್ತ ಅವನ ಭುಜ ಅದುರತೊಡಗಿತು. ಅದು ಈಗ ನಗುವಲ್ಲವೆಂದು ತಿಳಿದು ಮಗಳು ಬಂದು ಅವನ ತೋಳು ಹಿಡಿದು ನಿಂತಳು.

ಸ್ವಲ್ಪ ಹೊತ್ತಾದ ಮೇಲೆ ಪುರುಷೋತ್ತಮ ಕ್ಯಾಮೆರಾವನ್ನು ಮರಳಿ ಕೊಟ್ಟ.

“ಇನ್ನೊಂದು ತೆಗೀರಿ. ಫ್ಲಾಶ್ ಹಾಕಿ. ಯಾರಿಗೂ ತಲೆ ನೋಯಲ್ಲ ಈಗ.”

ಚಕ್ರಪಾಣಿ ಫ್ಲಾಶು ಎತ್ತಿದ. ಯಾರೂ ಅಡುಗೆಮನೆಗೆ ಹೋಗಲಿಲ್ಲ. ಒಂದೇ ಒಂದು ಬೆಳಕು ಬಂತು.

ಅವನು ಜೀವಮಾನದಲ್ಲಿ ತೆಗೆದ ಅತ್ಯುತ್ತಮ ಗುಂಪು ಫೋಟೋ ಅದಾಗಬೇಕಿತ್ತು. ಮುಖಗಳೆಲ್ಲ ಹದವಾಗಿ ಬೆಳಗಿದ್ದವು, ಕೂತವರಲ್ಲಿ ಒಬ್ಬರ ಕಣ್ಣೂ ಮುಚ್ಚಿರಲಿಲ್ಲ. ಆದರೆ ತೆಗೆದವನ ಕಣ್ಣು ತುಂಬಿ ಬಂದು ಎದುರಿಗೆ ಏನೂ ಕಾಣುತ್ತಿರಲಿಲ್ಲವಾದ್ದರಿಂದ ಹಿಂದೆ ನಿಂತವರ ತಲೆಗಳೆಲ್ಲ ಕತ್ತರಿಸಿ ಹೋಗಿದ್ದವು, ರಾಮಚಂದ್ರರಾಯರದೂ ಸೇರಿ.