ಕಡಿಮೆ ಔಷಧಿ ಸಾಕು ಅಂದವರು

ಕೋಳಿ ಶೆಡ್ಡು, ಮೀನಿನ ಹೊಂಡಗಳಿಗೆ ಸೋಂಕುನಾಶಕ ಔಷಧಿ ಮಾರೋದು ನನ್ನ ಕೆಲಸ. ಕೋಲಾರದ ಸುತ್ತಮುತ್ತ ಬೈಕಿನಲ್ಲಿ ಅಲೆಯುವ ನಾನು ಮಾರಿ ಬಂದ ದಿನಕ್ಕಿಂತ ಪಾಠ ಹೇಳಿಸಿಕೊಂಡು ಬಂದ ದಿನಗಳೇ ಹೆಚ್ಚು.

ಸೆಂಟು

ಸುಗಟೂರಿನ ಹತ್ತಿರ ಕೋಳಿ ಸಾಕುವ ಅಕ್ಕ ಒಬ್ಬರಿದ್ದಾರೆ. ನಾನು ಹೋದಾಗ ಹಳೇ ಬ್ಯಾಚಿನ ಕೋಳಿಗಳು ಮಾರಾಟವಾಗಿ ಶೆಡ್ಡು ಖಾಲಿಯಾಗಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ನೆಲದ ಹಿಕ್ಕೆ ಕೆರೆಯುತ್ತಿದ್ದರು.

"ಅಷ್ಟು ಕಷ್ಟ ಯಾಕಕ್ಕ? ಅದರ ಮೇಲೇ ಔಷಧಿ ಜಾಸ್ತಿ ಹೊಡೆದುಬಿಡಿ" ಅಂದೆ.

"ಕೆರೆದು, ಸೋಪುನೀರಲ್ಲಿ ತೊಳೆದು ಒಣಗಿಸಿದ್ಮೇಲೆ ಔಷಧಿ ಅಳತೆಗೆ ಹಾಕಿದ್ರೆ ಸಾಕು. ಸ್ನಾನ ಮಾಡ್ದೆ ಸೆಂಟು ಹೊಡ್ಕೊಂಡ್ರೆ ಕೊಳೆ ಹೋಗುತ್ತಾ ಸಾರ್?"

ಅವತ್ತು ನಮ್ಮ ಬೀದಿ ನಲ್ಲಿಯಲ್ಲಿ ನೀರು ಬಂದಿರಲಿಲ್ಲ. ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದೆ.

ಪ್ರತಿಸ್ಪರ್ಧಿ

ಗೌನಿಪಲ್ಲಿ ಕಡೆ ಮಾವಿನ ತೋಟದ ಹೊಂಡದಲ್ಲಿ ಮೀನು ಸಾಕುವ ತಾತ ನನ್ನ ಹತ್ತಿರ ಒಂದು ಕ್ಯಾನೂ ಕೊಂಡವರಲ್ಲ. ಮೀನು ಮಾತ್ರ ಪಳಪಳ. ಬೇರೆ ಕಂಪನಿಯವನು ನುಗ್ಗಿದ್ದಾನೆ ಅಂತ ನನಗೆ ಉರಿ.

"ಯಾರ ಔಷಧಿ ತಾತ?"

ತಾತ ಆಕಾಶಕ್ಕೆ ಬೆರಳು ತೋರಿಸಿದರು. "ಚೂಡು ಸಾರ್, ನೋಡು, ಆ ಸೂರ್ಯಂದು! ಮೀನು ಹಿಡಿದ್ಮೇಲೆ ನೀರು ಖಾಲಿ ಮಾಡಿ, ಕೆಸರು ಬಿರುಕು ಬಿಡೋವರ್ಗೂ ಒಣಗಿಸ್ತೀನಿ. ಆಮೇಲೆ ಒಂಚೂರು ಸುಣ್ಣ, ಅಷ್ಟೇ. ಅವನೂ ದಿನಾ ಬರ್ತಾನೆ. ಆದ್ರೆ ತಗೊಳ್ಳಿ ತಗೊಳ್ಳಿ ಅಂತ ಪ್ರಾಣ ತಿನ್ನಲ್ಲ."

ಬರಿಗಾಲು

ಹೀಗೇ ನನ್ನ ಆರ್ಡರು ಇಳಿದು, ಕೆಲಸಕ್ಕೇ ಕುತ್ತು ಬಂತು. "ಮಾರೋದು ಹೇಗೆ ಅಂತ ನಾನು ತೋರಿಸ್ತೀನಿ" ಅಂತ ಮ್ಯಾನೇಜರೇ ಕಾರಿನಲ್ಲಿ ಬಂದರು. ಕುರುಡುಮಲೆ ಹತ್ತಿರದ ಫಾರಮ್ಮಿಗೆ ಕರೆದುಕೊಂಡು ಹೋದೆ. ಅದರ ಯಜಮಾನಿ ಒಬ್ಬ ಅಜ್ಜಿ. ಬಾಗಿಲಲ್ಲೇ ತಡೆದರು.

"ಬೂಟು ಬಿಚ್ಚಿ ಸ್ವಾಮಿ. ಎಲ್ಲೆಲ್ಲಿ ತುಳಿದು ಬಂದಿದ್ದೀರೋ!"

ಮ್ಯಾನೇಜರು ಬಿಚ್ಚಿದರು. ಮಾತು ಮಾತ್ರ ನಿಲ್ಲಿಸಲಿಲ್ಲ. "ಅಜ್ಜಿ, ಡಬ್ಬಿ ಮೇಲೆ ಬರೆದಿರೋದು ಇರಲಿ, ಎರಡರಷ್ಟು ಹುಯ್ಯಿರಿ. ನೆಲ ಫಳಫಳ ಅನ್ನುತ್ತೆ!"

ಅಜ್ಜಿ ಮಗ್ಗಿನ ನೀರಿಗೆ ನಮ್ಮ ಔಷಧಿ ಎರಡರಷ್ಟೇ ಕಲಸಿ, ಅದನ್ನು ಎತ್ತಿಕೊಂಡು ಸೀದಾ ಬೂಟಿನ ಹತ್ತಿರ ಹೋದರು.

"ಅಯ್ಯೋ ಬೇಡಮ್ಮಾ! ಲೆದರ್ ಹಾಳಾಗುತ್ತೆ!"

"ನಿಮ್ಮ ಬೂಟಿಗೇ ಆಗದ್ದು ನನ್ನ ಕೋಳಿಗೆ ಆಗುತ್ತಾ? ಅವು ಬರಿಗಾಲಲ್ಲಿ ಓಡಾಡ್ತವೆ ಸ್ವಾಮಿ!"

ವಾಪಸು ಬರುವಾಗ ಮುಳಬಾಗಿಲಿನಲ್ಲಿ ಮ್ಯಾನೇಜರು ಕಾರು ನಿಲ್ಲಿಸಿ, ಬೂಟು ಸರಿಯಾಗಿದೆಯಾ ಅಂತ ತಿರುಗಿಸಿ ನೋಡಿದರು. ಆಮೇಲೆ ಕೇಳಿದರು: "ಆ ಅಜ್ಜೀನ ನಮ್ಮ ಕಂಪನಿಗೆ ಕರೆದ್ರೆ ಬರ್ತಾರೇನಯ್ಯ?"

"ಬರ್ತಾರೆ ಸಾರ್. ಆದ್ರೆ ಮೊದಲು ನಮ್ಮಿಬ್ಬರ ಕೈಲಿ ಆಫೀಸು ತೊಳೆಸ್ತಾರೆ."