ಒಂದು ಅಂಗುಲ ತೊಂಬತ್ತೊಂದು ಸೆಂಟ್

ಶಿರಾ ಪಟ್ಟಣದ ನಿವೃತ್ತ ಗುಮಾಸ್ತ ಪರ್ವತಯ್ಯನವರ ನೆಮ್ಮದಿ ಕೆಟ್ಟದ್ದು ಸಾವಿರದ ಒಂಬೈನೂರ ಅರವತ್ತೊಂದನೆಯ ಇಸವಿ ಮೇ ತಿಂಗಳ ಹದಿನಾಲ್ಕನೆಯ ತಾರೀಖು, ಭಾನುವಾರ, ಹಗಲು ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ. (ಹನ್ನೊಂದಕ್ಕೆ ಎನ್ನುವವರೂ ಇದ್ದಾರೆ. ಅವರ ಬಳಿ ಗಡಿಯಾರವಿರಲಿಲ್ಲ.) ಆ ಗಳಿಗೆಯಲ್ಲಿ ಪಕ್ಕದ ಮನೆಯ ಕಡಲೆಕಾಯಿ ವ್ಯಾಪಾರಿ ಹುಸೇನ್ ಸಾಬರು ತುಮಕೂರಿನ ಬಸ್ಸಿನಿಂದಿಳಿದು, ಆಗತಾನೇ ಹುಟ್ಟಿದ ಕೂಸನ್ನು ತರುವಂತೆ, ಒಂದು ರೇಡಿಯೋವನ್ನು ಎದೆಗವುಚಿಕೊಂಡು ಮನೆಯೊಳಗೆ ತಂದರು.

ಒಬ್ಬರು ರೇಡಿಯೋ ಕೊಂಡರೆ ಇನ್ನೊಬ್ಬರ ನೆಮ್ಮದಿ ಏಕೆ ಕೆಡಬೇಕೆಂದು ಕೇಳುವವರಿಗೆ ಪರ್ವತಯ್ಯನವರ ಪೂರ್ವೋತ್ತರ ತಿಳಿಯದು. ಅವರು ತಾಲ್ಲೂಕು ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಸೇವೆ ಸಲ್ಲಿಸಿದವರು. ಆ ಇಪ್ಪತ್ತಾರು ವರ್ಷವೂ ಪ್ರತಿದಿನ ಬೆಳಗ್ಗೆ ಎಂಟೂವರೆಗೆ ಕಚೇರಿಯ ಅಂಗಳದಲ್ಲಿ ಮಳೆ ಅಳೆದವರು. ಮಳೆ ಬರಲಿ ಬಾರದಿರಲಿ, ಅಳತೆ ತಪ್ಪಲಿಲ್ಲ. ಶಿರಾದಂಥ ಊರಿನಲ್ಲಿ ಬಹುಪಾಲು ದಿನ 'ಸೊನ್ನೆ' ಎಂದೇ ಬರೆಯಬೇಕಾಗುತ್ತಿತ್ತು; ಆ ಸೊನ್ನೆಯನ್ನು ಅವರಷ್ಟು ದುಂಡಗೆ, ಅವರಷ್ಟು ಗಾಂಭೀರ್ಯದಿಂದ ಬರೆದವರು ಆ ಕಚೇರಿಯಲ್ಲಿ ಮತ್ತೊಬ್ಬರಿಲ್ಲ. ಐವತ್ತೈದರಲ್ಲಿ ನಿವೃತ್ತರಾದಾಗ ಸಹೋದ್ಯೋಗಿಗಳು ಶಾಲು ತಂದರೆ, ಇವರು ಅದನ್ನು ನಯವಾಗಿ ನಿರಾಕರಿಸಿ, ಅಂಗುಲ, ಸೆಂಟುಗಳ (ಸೆಂಟೆಂದರೆ ಅಂಗುಲದ ನೂರನೆಯ ಪಾಲು) ಗೆರೆಯುಳ್ಳ ಒಂದು ಗಾಜಿನ ಅಳತೆಪಾತ್ರೆ ಕೊಡಿಸಿರೆಂದು ಕೋರಿದರು.

ಮನೆಯ ಹಿತ್ತಿಲಲ್ಲಿ ಕಲ್ಲಿನ ಕಟ್ಟೆ ಕಟ್ಟಿಸಿ, ಐದು ಅಂಗುಲ ವ್ಯಾಸದ ತಾಮ್ರದ ಆಲಿಕೆ ಮಾಡಿಸಿ, ಅದರ ಕೆಳಗೊಂದು ಸೀಸೆ ಇರಿಸಿ, ಸುತ್ತ ಮುಳ್ಳುಬೇಲಿ ಬಿಗಿದು, ಅವರು ಖಾಸಗಿ ಮಳೆಮಾಪನ ಕೇಂದ್ರವೊಂದನ್ನು ಸ್ಥಾಪಿಸಿದರು. ಅದರ ಸುತ್ತ ಹತ್ತು ಅಡಿಯೊಳಗೆ ಬಟ್ಟೆ ಒಗೆಯುವುದು, ಸಂಡಿಗೆ ಹರವುವುದು, ಕೂದಲು ಒಣಗಿಸಿಕೊಳ್ಳುವುದು ನಿಷಿದ್ಧ. ಈ ನಿಷೇಧಾಜ್ಞೆಗೆ ಗುರಿಯಾಗಬಲ್ಲ ಪ್ರಜೆ ಆ ಮನೆಯಲ್ಲಿದ್ದದ್ದು ಒಬ್ಬರೇ, ಅವರ ಧರ್ಮಪತ್ನಿ ಜಗದಾಂಬ.

ಮಳೆಯ ಮರುದಿನ ಬೆಳಗ್ಗೆ ಪರ್ವತಯ್ಯನವರ ಜಗಲಿ ತುಂಬುತ್ತಿತ್ತು. ಗೌಡಗೆರೆಯ ಕಡೆಯಿಂದ ಕಡಲೆಕಾಯಿ ಬಿತ್ತುವ ರೈತರು, ಪೇಟೆಯ ಅಂಗಡಿಯವರು, ಹುಸೇನ್ ಸಾಬರು, ಎಲ್ಲರೂ ಬಂದು ಕುಳಿತು, "ಎಷ್ಟು ಬಂತು ಸ್ವಾಮಿ?" ಎಂದು ಕೇಳುತ್ತಿದ್ದರು. ಪರ್ವತಯ್ಯನವರು ಕೂಡಲೇ ಹೇಳುತ್ತಿರಲಿಲ್ಲ. ಕನ್ನಡಕ ಒರೆಸಿ, ದಫ್ತರ ಬಿಚ್ಚಿ, ಗಂಟಲು ಸರಿಪಡಿಸಿಕೊಂಡು, "ಸೊನ್ನೆ ಅಂಗುಲ, ಎಂಬತ್ತೇಳು ಸೆಂಟ್" ಎಂದು ನುಡಿದರೆ, ಮೋಡಗಳೇ ಅವರ ಸಹಿಗಾಗಿ ಕಾಯುತ್ತಿದ್ದವೇನೋ ಎನ್ನಿಸುತ್ತಿತ್ತು.

ರೇಡಿಯೋ ಬಂದ ವಾರದಲ್ಲೇ ಈ ಜಗಲಿ ಬರಿದಾಯಿತು.

ಪರ್ವತಯ್ಯನವರು ಮೊದಲು ಕಾನೂನಿನ ಮಾರ್ಗ ಹಿಡಿದರು. ರೇಡಿಯೋ ಇಡಲು ಅಂಚೆ ಕಚೇರಿಯ ಲೈಸೆನ್ಸು ಬೇಕು. ಸಾಬರ ಮನೆಗೆ ಹೋಗಿ, ಸುಮ್ಮನೆ ಕುತೂಹಲಕ್ಕೆಂಬಂತೆ ವಿಚಾರಿಸಿದರು. ಸಾಬರು ಗೋಡೆಯ ಕಡೆ ಕೈ ತೋರಿದರು. ಲೈಸೆನ್ಸು ಗಾಜು ಹಾಕಿಸಿಕೊಂಡು ಗೋಡೆಯಲ್ಲಿ ತೂಗುತ್ತಿತ್ತು. ಮುದ್ರೆ, ದಿನಾಂಕ, ಸಹಿ ಎಲ್ಲವೂ ಕ್ರಮಬದ್ಧ. ತಪ್ಪಿಲ್ಲದ ಕಾಗದವೊಂದನ್ನು ಕಂಡು ಪರ್ವತಯ್ಯನವರು ದುಃಖಪಟ್ಟದ್ದು ಜೀವಮಾನದಲ್ಲಿ ಅದೇ ಮೊದಲು.

ಆಮೇಲೆ ಅವರು ಕಿಟಕಿಗೆ ಅಂಟಿಕೊಂಡರು. ಸಂಜೆಯ ಹಳ್ಳಿಗರ ಕಾರ್ಯಕ್ರಮಕ್ಕೆ ಸಾಬರ ಜಗಲಿಯಲ್ಲಿ ಸೋಮವಾರ ಒಂಬತ್ತು ಮಂದಿ, ಮಂಗಳವಾರ ಹನ್ನೊಂದು, ಬುಧವಾರ ಹದಿನಾಲ್ಕು. ಗುರುವಾರ ಎಣಿಸುವಾಗ ಹದಿನೈದನೆಯ ತಲೆ ಪರಿಚಿತವಾಗಿ ಕಂಡಿತು. ಹಿತ್ತಿಲ ಬಾಗಿಲಲ್ಲಿ, ಸಾಬರ ಬೀವಿ ಖಾಜಾಬಿಯ ಪಕ್ಕದಲ್ಲಿ, ಎಲೆಯಡಿಕೆ ಮೆಲ್ಲುತ್ತ ಕುಳಿತಿದ್ದವರು ಜಗದಾಂಬ.

"ನಿನಗೆ ಅಲ್ಲೇನು ಕೆಲಸ?" ಅವರು ಮನೆಗೆ ಬಂದೊಡನೆ ವಿಚಾರಣೆ ಆರಂಭವಾಯಿತು.

"ಹಾಡು ಕೇಳಿದೆ ರೀ. ಆ ಹುಡುಗಿ ಕಂಠ ಅಂದ್ರೆ ಕಂಠ."

"ಮೂವತ್ತೆಂಟು ವರ್ಷದಿಂದ ನಾನು ಮನೆಯಲ್ಲಿ ಮಾತನಾಡುತ್ತಿದ್ದೇನೆ. ಅದನ್ನು ಒಂದು ದಿನ ಹೀಗೆ ಕೂತು ಕೇಳಿದ್ದುಂಟೆ?"

"ಅದಕ್ಕೆ ಕಿವಿ ಹಿಂಡಿದರೆ ಸುಮ್ಮನಾಗುತ್ತೆ. ನಿಮಗೆ ಆ ಅನುಕೂಲ ಇಲ್ವಲ್ಲ!"

ಸಾಬರು ನೆಟ್ಟಿದ್ದ ಏರಿಯಲ್ ಕಂಬವಂತೂ ಪರ್ವತಯ್ಯನವರ ಕಣ್ಣಿಗೆ ಮುಳ್ಳಾಯಿತು. ಸಂಜೆ ನಾಲ್ಕರಿಂದ ನಾಲ್ಕೂಮುಕ್ಕಾಲರವರೆಗೆ ಅದರ ನೆರಳು ಇವರ ಮಳೆಮಾಪಕದ ಮೇಲೆ ಬೀಳುತ್ತಿತ್ತು. ಆರು ವರ್ಷದಿಂದ ಇವರ ಬೇಲಿಯ ಮೇಲೆ ಕೂರುತ್ತಿದ್ದ ಕಾಗೆಯೊಂದು ಈಗ ಆ ಕಂಬಕ್ಕೆ ವಲಸೆ ಹೋಗಿತ್ತು. "ಆ ಕಾಗೆಗೂ ನಾವು ಬೇಡವಾದೆವು" ಎಂದು ಪರ್ವತಯ್ಯನವರು ರೊಟ್ಟಿಯ ತಟ್ಟೆಯನ್ನು ಸರಿಸಿ ಎದ್ದುಬಿಡುತ್ತಿದ್ದರು. ನಾಲ್ಕು ರೊಟ್ಟಿಯ ಊಟ ಮೂರಕ್ಕಿಳಿಯಿತು. ಜೂನ್ ಮುಗಿಯುವ ಹೊತ್ತಿಗೆ ಒಂದೂವರೆಗೆ.

ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟವನು ಗೌಡಗೆರೆಯ ಚಿಕ್ಕರಂಗಯ್ಯ. ಆರು ವರ್ಷ ಇವರ ಜಗಲಿಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದ ರೈತ. ಈಗ ಇವರ ಮನೆ ಮುಂದೆಯೇ ಸಾಗಿ ಪಕ್ಕದ ಮನೆಗೆ ಹೋಗುತ್ತಿದ್ದ.

"ಏನು ಚಿಕ್ಕರಂಗಯ್ಯ, ದಾರಿ ಮರೆತೆಯೋ?"

"ಇಲ್ಲ ಬುಡಿ ಸ್ವಾಮಿ. ಅದು ನಾಳೆ ಬರೋ ಮಳೆ ಏಳ್ತದಂತೆ. ನೀವು ನಿನ್ನೆ ಬಂದಿದ್ದು ತಾನೆ ಏಳಾದು?"

ಈ ಮಾತು ಪರ್ವತಯ್ಯನವರ ಎದೆಯಲ್ಲಿ ಹತ್ತು ದಿನ ಉರಿಯಿತು. ನಾಳಿನ ಮಳೆಯನ್ನು ಯಾವ ಪಾತ್ರೆಯಲ್ಲಿ ಅಳೆಯುವುದು? ಸಾಕ್ಷ್ಯವಿಲ್ಲದೆ ಮಾತನಾಡುವ ಪೆಟ್ಟಿಗೆಗೆ ಹದಿನಾಲ್ಕು ಜನ, ಸಾಕ್ಷ್ಯವನ್ನು ಸೀಸೆಯಲ್ಲಿ ಹಿಡಿದಿಟ್ಟವನಿಗೆ ಒಂದು ಕಾಗೆಯೂ ಇಲ್ಲ! ಒಂದೇ ಒಂದು ಒಳ್ಳೆಯ ಮಳೆ ಬರಲಿ, ಆ ಪೆಟ್ಟಿಗೆ ಒಂದು ಹೇಳಲಿ, ನನ್ನ ಸೀಸೆ ಇನ್ನೊಂದು ಹೇಳಲಿ. ಆಗ ಜಗಲಿ ಯಾರದೆಂದು ತೀರ್ಮಾನವಾಗುತ್ತದೆ ಎಂದು ಅವರು ಕಾದರು.

ಜುಲೈ ಮೂರನೆಯ ತಾರೀಖು ಸೋಮವಾರ ಮಧ್ಯಾಹ್ನ ಮೂರೂಕಾಲಿಗೆ ಮೋಡ ಕವಿದು, ಇಪ್ಪತ್ತೆರಡು ನಿಮಿಷ ಮಳೆ ಸುರಿಯಿತು. ಸಂಜೆ ರೇಡಿಯೋ, ಜಿಲ್ಲೆಯ ಕೆಲವೆಡೆ ಹಗುರವಾದ ಮಳೆಯಾಗಿದೆ ಎಂದು ಹೇಳಿತು. ಕಿಟಕಿಯಲ್ಲಿ ಕಿವಿಯಿಟ್ಟಿದ್ದ ಪರ್ವತಯ್ಯನವರು 'ಹಗುರ' ಎಂಬ ಶಬ್ದವನ್ನು ಚೀಟಿಯ ಮೇಲೆ ಬರೆದುಕೊಂಡರು.

ಮರುದಿನ ಎಂಟೂವರೆಗೆ ಸೀಸೆಯ ನೀರನ್ನು ಅಳತೆಪಾತ್ರೆಗೆ ಸುರಿದರು. ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಒಂದು ಅಂಗುಲ ತೊಂಬತ್ತೊಂದು ಸೆಂಟ್!

ಆ ವಯಸ್ಸಿನಲ್ಲಿ, ಪಂಚೆಯುಟ್ಟು, ಅಷ್ಟು ವೇಗವಾಗಿ ನಡೆದವರನ್ನು ಆ ಬೀದಿ ಕಂಡಿರಲಿಲ್ಲ. ಸಾಬರ ಜಗಲಿಯಲ್ಲಿ ಆಗ ಹದಿನಾಲ್ಕು ಮಂದಿ ಇದ್ದರು.

"ಬನ್ನಿ ಅಯ್ನೋರೆ, ಕುರ್ಚಿ ಹಾಕಿ ಅವರಿಗೆ" ಎಂದರು ಹುಸೇನ್ ಸಾಬರು, ರೇಡಿಯೋದ ಸದ್ದು ತಗ್ಗಿಸುತ್ತ.

"ಕುರ್ಚಿ ಬೇಡ. ನಿಮ್ಮ ಯಂತ್ರ ನಿನ್ನೆ ಏನು ಹೇಳಿತು? ಹಗುರ. ಹೌದೋ ಅಲ್ಲವೋ? ಒಂದು ಅಂಗುಲ ತೊಂಬತ್ತೊಂದು ಸೆಂಟನ್ನು ಯಾವ ನಿಘಂಟಿನ ಪ್ರಕಾರ ಹಗುರ ಎನ್ನುತ್ತಾರೆ?"

ಜಗಲಿ ಸ್ತಬ್ಧವಾಯಿತು. ಪರ್ವತಯ್ಯನವರು ಆ ಮೌನವನ್ನು ಐವತ್ತೊಂದು ದಿನಗಳ ಬಾಕಿಯೆಂಬಂತೆ ಸವಿದರು. ಅಷ್ಟರಲ್ಲಿ ಚಿಕ್ಕರಂಗಯ್ಯ ತಲೆ ಕೆರೆದುಕೊಂಡ.

"ಅಷ್ಟೆಲ್ಲಿ ಬಂತು ಸ್ವಾಮಿ? ಈಗ ಬರ್ತಾ ನಿಮ್ಮ ಹಿತ್ಲು ಗೋಡೆ ಪಕ್ಕದಾಗೆ ಮಣ್ಣು ಕೆದಕಿ ನೋಡ್ದೆ. ಬೆರಳಿನ ಎಲ್ಡು ಗೆಣ್ಣೂ ನೆಂದಿಲ್ಲ."

"ನಿನ್ನ ಬೆರಳಿನ ಮೇಲೆ ಸೆಂಟಿನ ಗೆರೆಗಳಿವೆಯೋ?"

"ಜಗಳ ಯಾಕೆ? ತಾಲ್ಲೂಕು ಕಚೇರಿ ಇದೆಯಲ್ಲ ಅಯ್ನೋರೆ, ನೀವೇ ಅಳೀತಿದ್ದ ಜಾಗ" ಎಂದರು ಸಾಬರು. "ಎಲ್ಲಾ ಹೋಗಿ ನೋಡೋಣ. ನಿಮ್ಮದೇ ಸರಿ ಇದ್ರೆ ಖುದಾ ಕಸಂ, ಇವತ್ತೇ ಈ ರೇಡಿಯೋನ ನಿಮ್ಮ ಜಗಲಿ ಮೇಲೆ ತಂದು ಇಡ್ತೀನಿ."

ಹದಿನಾರು ಜನರ ಮೆರವಣಿಗೆ ಹೊರಟಿತು. ಕಚೇರಿಯ ಮುಂದಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: ಸೊನ್ನೆ ಅಂಗುಲ, ನಲವತ್ತೊಂದು ಸೆಂಟ್.

ಈಗ ಪರ್ವತಯ್ಯನವರು ಇಕ್ಕಟ್ಟಿಗೆ ಸಿಕ್ಕರು. ಆ ಮಾಪಕ ತಪ್ಪೆನ್ನುವಂತಿಲ್ಲ. ಇಪ್ಪತ್ತಾರು ವರ್ಷ ಅದರ ಪ್ರಾಮಾಣಿಕತೆಗೆ ಅವರೇ ಜಾಮೀನು. ತಮ್ಮ ಮಾಪಕ ತಪ್ಪೆನ್ನುವುದು ಪ್ರಾಣ ಹೋದರೂ ಸಾಧ್ಯವಿಲ್ಲ. ಹಾಗಾದರೆ ಉಳಿದದ್ದು ಒಂದೇ, ಅಪರಾಧ. ಹಿಂದಿರುಗುವ ದಾರಿಯ ಅರ್ಧ ಮೈಲಿಯಲ್ಲಿ ಅವರು ಅಪರಾಧಿಯನ್ನೂ ಗೊತ್ತುಮಾಡಿಕೊಂಡರು. ತಮ್ಮ ಹಿತ್ತಿಲಿಗೆ ಎಲ್ಲರನ್ನೂ ಕರೆದೊಯ್ದು, ಬೇಲಿಯ ಮುಂದೆ ನಿಂತು ತೀರ್ಪಿತ್ತರು.

"ಸೀಸೆಗೆ ಯಾರೋ ನೀರು ಹಾಕಿದ್ದಾರೆ. ನನ್ನ ಹೆಸರು ಕೆಡಿಸಲು ಹಾಕಿದ್ದಾರೆ. ಯಾರಿಗೆ ನನ್ನ ಮೇಲೆ ಅಸೂಯೆಯಿದೆಯೋ, ಯಾರ ಗೋಡೆ ಈ ಹಿತ್ತಿಲಿಗೆ ಅಂಟಿಕೊಂಡಿದೆಯೋ, ಅವರು ಹಾಕಿದ್ದಾರೆ."

ಹುಸೇನ್ ಸಾಬರ ಮುಖ ಕೆಂಪಾಯಿತು. "ನಾನಾ? ಇಪ್ಪತ್ತು ವರ್ಷದ ನೆರೆಮನೆ ಅಯ್ನೋರೆ! ನಿಮ್ಮ ಮೇಲೆ ನನಗೆ ಅಸೂಯೆಯಾ?" ಅವರು ಬಾಗಿಲ ಕಡೆ ತಿರುಗಿದರು. "ಬನ್ನಿ ಎಲ್ಲಾ. ಇನ್ಮೇಲೆ ಈ ಮನೆ ಹೊಸಲು ನಾನು ತುಳಿಯಲ್ಲ."

"ಸಾಬರೆ, ನಿಂತುಕೊಳ್ಳಿ" ಎಂದು ಅಡಿಗೆಮನೆಯ ಬಾಗಿಲಿನಿಂದ ಧ್ವನಿ ಬಂತು. ಜಗದಾಂಬ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ನೀರು ಹಾಕಿದ್ದು ನಾನು."

ಆಮೇಲೆ ಅವರು ಗಂಡನ ಕಡೆ ತಿರುಗಿದರು.

"ನೋಡಿ ಇವರೇ, ಒಂದೂವರೆ ರೊಟ್ಟಿಗೆ ಇಳಿದಿದ್ದಿರಿ. ಒಬ್ಬರೇ ಕಿಟಕಿ ಹತ್ತಿರ ನಿಂತುಕೊಂಡು ತಲೆ ಎಣಿಸೋರು. ಬಂದ ಮಳೆನೂ ಚಿಟಿಕೆಯಷ್ಟು. ಪಾಪ, ಇದನ್ನ ನೋಡಿದರೆ ಇನ್ನರ್ಧ ರೊಟ್ಟಿನೂ ಬಿಡ್ತಾರೆ ಅಂತ ನಿನ್ನೆ ಸಾಯಂಕಾಲ ಒಂದು ಚೊಂಬು ಹುಯ್ದೆ."

"ಯಾವ ಚೊಂಬು?"

"ಇಗೋ, ಈ ಸಣ್ಣದು."

ಮುಂದೆ ನಡೆದದ್ದನ್ನು ಕಂಡವರು ಹದಿನೈದು ಮಂದಿ ಇರುವುದರಿಂದ ಸಂದೇಹಕ್ಕೆ ಎಡೆಯಿಲ್ಲ. ಪರ್ವತಯ್ಯನವರು ಕೋಪಗೊಳ್ಳಲಿಲ್ಲ. ಆ ಚೊಂಬನ್ನು ಕಸಿದುಕೊಂಡು, ಹಂಡೆಯ ನೀರು ತುಂಬಿ, ಅಳತೆಪಾತ್ರೆಗೆ ಸುರಿದು, ಕಣ್ಣಿನ ಮಟ್ಟಕ್ಕೆತ್ತಿ ನೋಡಿದರು. ಒಂದು ಅಂಗುಲ ಐವತ್ತು ಸೆಂಟ್.

"ಒಂದು ತೊಂಬತ್ತೊಂದರಲ್ಲಿ ಒಂದು ಐವತ್ತು ಕಳೆದರೆ ಸೊನ್ನೆ ನಲವತ್ತೊಂದು!" ಎಂದು ಅವರು ಕೂಗಿದರು. "ಕಚೇರಿಯ ಅಳತೆಗೆ ಒಂದು ಸೆಂಟೂ ಹೆಚ್ಚುಕಡಿಮೆ ಇಲ್ಲ! ನೋಡಿದಿರಾ ಸಾಬರೆ? ನನ್ನ ಮಾಪಕ ಸರಿಯಾಗಿದೆ!"

ಆ ಆನಂದದಲ್ಲಿ ಅವರು ಸಾಬರ ಎರಡೂ ಕೈ ಹಿಡಿದುಕೊಂಡು ಕ್ಷಮೆ ಕೇಳಿದರು. ಸಾಬರು ಕಣ್ಣೊರೆಸಿಕೊಂಡು, "ಹೋಗಲಿ ಬಿಡಿ ಅಯ್ನೋರೆ" ಎಂದು ನಕ್ಕುಬಿಟ್ಟರು. ವಿಷಯ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ನಿಖರತೆ ಎಂಬುದು ಪರ್ವತಯ್ಯನವರಿಗೆ ಅಂಟಿದ್ದ ವ್ಯಾಧಿ.

"ಇದೊಂದೇ ಸಲ ತಾನೆ ಹಾಕಿದ್ದು?"

ಜಗದಾಂಬ ಬೇಲಿಯ ಮುಳ್ಳನ್ನು ನೋಡತೊಡಗಿದರು.

"ಜಗದಾಂಬ!"

"ಚೊಂಬು ಇದೇ ಮೊದಲು ರೀ. ಮುಂಚೆಲ್ಲಾ ಬರೀ ಲೋಟ. ನೀವು ನಿವೃತ್ತಿಯಾಗಿ ಬಂದ ವರ್ಷ, ಯಾರೋ ಸತ್ತ ಮನೆ ಹಾಗೆ ಕೂತಿರ್ತಿದ್ರಲ್ಲ, ಆಗ ಶುರು ಮಾಡಿದ್ದು. ಮರುದಿನ ಎಂಬತ್ತೇಳು ಸೆಂಟ್ ಅಂತ ಕುಣಿದಾಡಿಬಿಟ್ರಿ. ಎರಡು ರೊಟ್ಟಿ ಜಾಸ್ತಿ ತಿಂದ್ರಿ."

"ಆರು ವರ್ಷದಿಂದಲೂ?"

"ದಿನಾ ಇಲ್ಲಪ್ಪ. ಮಳೆ ಬಿದ್ದ ದಿನ, ಅದೂ ನೀವು ಮುಖ ಗಂಟು ಹಾಕಿಕೊಂಡಿದ್ದರೆ ಮಾತ್ರ."

ಪರ್ವತಯ್ಯನವರು ಕಟ್ಟೆಯ ಮೇಲೆ ಕುಸಿದರು. ಆರು ವರ್ಷದ ದಫ್ತರ! ಗೌಡಗೆರೆಯ ರೈತರು ಆ ಅಂಕಿಗಳನ್ನು ನಂಬಿ ಬಿತ್ತಿದ್ದಾರೆ! ಅವರು ಚಿಕ್ಕರಂಗಯ್ಯನ ಕಡೆ ತಿರುಗಿ, "ನಿಮ್ಮ ಬೆಳೆಯೆಲ್ಲ ನನ್ನಿಂದ..." ಎಂದರು.

"ಅಯ್ಯೋ, ನೊಂದ್ಕಬ್ಯಾಡಿ ಸ್ವಾಮಿ" ಎಂದ ಚಿಕ್ಕರಂಗಯ್ಯ. "ನೀವು ಏಳಿದ್ರಾಗೆ ಅರ್ಧ ಕಳ್ದು ಬಿತ್ತೋದು ನಮ್ಮ ಕಡೆ ಎಲ್ರಿಗೂ ರೂಢಿ. ಹೆಂಗೂ ಮಣ್ಣು ಮುಟ್ಟಿ ನೋಡ್ತೀವಲ್ಲ."

"ಹಾಗಾದರೆ ಇಷ್ಟು ವರ್ಷ ನನ್ನನ್ನು ಕೇಳಲು ಬರುತ್ತಿದ್ದದ್ದು ಏತಕ್ಕೆ?"

"ನೀವು ಕನ್ನಡಕ ಒರ್ಸಿ, ಕೆಮ್ಮಿ, ಏಳ್ತಿದ್ರಲ್ಲ. ಚೆಂದಾಗಿರೋದು ಕಣ್ ಸ್ವಾಮಿ."

ಆ ವರ್ಷ ಜುಲೈ ಹನ್ನೊಂದರಂದು ಮತ್ತೊಮ್ಮೆ ಮಳೆ ಬಂತು. ಹನ್ನೆರಡರ ಬೆಳಗ್ಗೆ ಪರ್ವತಯ್ಯನವರು ಬೀಗ ಹಾಕಿದ್ದ ಬೇಲಿಯ ಬಾಗಿಲು ತೆರೆದು, ಅಳೆದು, ತಲೆ ತಗ್ಗಿಸಿಕೊಂಡು ಹೊರಗೆ ಬಂದರೆ, ಜಗಲಿಯ ತುಂಬ ಜನ! ಎಣಿಸಿದರು, ಹತ್ತೊಂಬತ್ತು ಮಂದಿ. ಹುಸೇನ್ ಸಾಬರೂ ರೇಡಿಯೋ ಆರಿಸಿ ಬಂದು ಕುಳಿತಿದ್ದರು. ಪರ್ವತಯ್ಯನವರ ಕಣ್ಣು ತುಂಬಿತು. ಕನ್ನಡಕ ತೆಗೆದು ಒರೆಸಿದರು, ದಫ್ತರ ಬಿಚ್ಚಿದರು, ಗಂಟಲು ಸರಿಪಡಿಸಿಕೊಂಡರು.

"ವಸಿ ತಡೀರಿ ಸ್ವಾಮಿ" ಎಂದ ಚಿಕ್ಕರಂಗಯ್ಯ, ಅವರ ಹೆಗಲ ಮೇಲಿಂದ ಅಡಿಗೆಮನೆಯತ್ತ ಕತ್ತು ಚಾಚಿ. "ಅಮ್ಮಾವ್ರೇ, ಇವತ್ತೆಷ್ಟು?"

ಹತ್ತೊಂಬತ್ತು ಮುಖಗಳೂ ಒಟ್ಟಿಗೆ ಒಳಗಡೆ ತಿರುಗಿದವು. ಸಾವಿರದ ಒಂಬೈನೂರ ಅರವತ್ತೊಂದನೆಯ ಇಸವಿ ಜುಲೈ ಹನ್ನೆರಡು, ಬುಧವಾರ, ಬೆಳಗ್ಗೆ ಎಂಟು ಗಂಟೆ ನಲವತ್ತು ನಿಮಿಷಕ್ಕೆ ರೇಡಿಯೋದ ಮೇಲೆ ಪರ್ವತಯ್ಯನವರಿಗಿದ್ದ ಹೊಟ್ಟೆಕಿಚ್ಚು ಸಂಪೂರ್ಣವಾಗಿ ಆರಿಹೋಯಿತು. ಆ ಕಿಚ್ಚಿಗೆ ರೇಡಿಯೋಗಿಂತ ಹತ್ತಿರದ ವಿಳಾಸ ಸಿಕ್ಕಿತ್ತು.

ಜಗದಾಂಬ ಬಾಗಿಲಿಗೆ ಬಂದು, ಗಂಡನ ಮುಖವನ್ನು ಒಮ್ಮೆ ಚೆನ್ನಾಗಿ ದಿಟ್ಟಿಸಿದರು.

"ನಾನಿನ್ನೂ ಹಾಕಿಲ್ಲ ಕಣಪ್ಪ" ಎಂದರು. "ಆದರೆ ಈ ಮುಖ ನೋಡಿದರೆ ಎರಡು ಚೊಂಬಾದರೂ ಬೇಕಾಗುತ್ತೆ."